ಅಲ್ಯುಮಿನಿಯಂ ಎಷ್ಟು ಎಳೆದರೆ ತುಂಡಾಗುತ್ತೆ?

ಇಂಜಿನಿಯರಿಂಗ್ ಓದಿದವರಿಗೆ ನೆನಪಿರಬಹುದು. ಲ್ಯಾಬಿನಲ್ಲಿ ಲೋಹದ ಕಡ್ಡಿಯ ಎರಡೂ ತುದಿ ಹಿಡಿದು ಮೆಷಿನ್ನು ನಿಧಾನಕ್ಕೆ ಎಳೆಯುತ್ತದೆ. ಕಡ್ಡಿಯ ನಡು ಸಣ್ಣಗಾಗಿ ಕೊನೆಗೆ 'ಟಪ್' ಅಂತ ತುಂಡಾಗುತ್ತದೆ. ಎಷ್ಟು ಪರ್ಸೆಂಟ್ ಉದ್ದವಾಯಿತು ಅಂತ ರೆಕಾರ್ಡ್ ಬುಕ್ಕಿನಲ್ಲಿ ಬರೆದರೆ ಮುಗೀತು. ಅದೇ ಆ ಲೋಹದ ತನ್ಯತೆ ಅಂತ ನಾನೂ ನಂಬಿದ್ದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ನಂಬಿಕೆ ಕೈಕೊಟ್ಟಿತು. ನಾನು ಡಿಸೈನ್ ಮಾಡಿದ ಅಲ್ಯುಮಿನಿಯಂ ಬ್ರಾಕೆಟ್ಟು, ಲೆಕ್ಕದಲ್ಲಿ ಬಂದದ್ದಕ್ಕಿಂತ ಬಹಳ ಮೊದಲೇ ಒಳಮೂಲೆಯಲ್ಲಿ ಬಿರುಕು ಬಿಟ್ಟಿತು. ಕ್ಯಾಟಲಾಗಿನ ಅಂಕಿ ಸುಳ್ಳಲ್ಲ, ನಾನು ಅದನ್ನು ಓದಿದ ರೀತಿ ತಪ್ಪು. ಯಾಕೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ ಕತೆ ಇದು.

1911ರಲ್ಲಿ ಥಿಯೋಡರ್ ಫಾನ್ ಕಾರ್ಮನ್ ಅಮೃತಶಿಲೆಯ ತುಂಡನ್ನು ಸುತ್ತಲಿಂದಲೂ ದ್ರವದ ಒತ್ತಡದಲ್ಲಿಟ್ಟು ಅದುಮಿ ನೋಡಿದರು. ಪುಡಿಯಾಗಬೇಕಿದ್ದ ಕಲ್ಲು ಲೋಹದಂತೆ ಉಬ್ಬಿತು! ಎರಡನೇ ಮಹಾಯುದ್ಧದ ಕಾಲದಲ್ಲಿ ಹಾರ್ವರ್ಡಿನ ಪರ್ಸಿ ಬ್ರಿಜ್‌ಮನ್ ಉಕ್ಕಿನ ಕಡ್ಡಿಗಳನ್ನು ಭಾರಿ ಒತ್ತಡದೊಳಗೆ ಎಳೆದರು. ಹೊರಗೆ ಬೇಗ ತುಂಡಾಗುವ ಉಕ್ಕು ಅಲ್ಲಿ ಸಿಕ್ಕಾಪಟ್ಟೆ ಹಿಗ್ಗಿತು. ಅವರಿಗೆ 1946ರಲ್ಲಿ ನೊಬೆಲ್ ಬಂತು, ಈ ಪ್ರಯೋಗಗಳ ಪುಸ್ತಕ ಬಂದದ್ದು 1952ರಲ್ಲಿ.

ಚಪಾತಿ ಹಿಟ್ಟನ್ನು ಎಳೆದರೆ ಹರಿಯುತ್ತೆ, ಲಟ್ಟಣಿಗೆಯಡಿ ಒತ್ತಿದರೆ ತೆಳ್ಳಗಾಗುತ್ತೆ. ಹಾಗೇ ಇದು ಕೂಡ.

ಒಳಗೆ ನಡೆಯುವುದೇನು? ಮಿಶ್ರಲೋಹದಲ್ಲಿ ಗಟ್ಟಿಯಾದ ಪುಟ್ಟ ಪುಟ್ಟ ಕಣಗಳಿರುತ್ತವೆ. ಎಳೆದಾಗ ಅವುಗಳ ಸುತ್ತ ಗುಳ್ಳೆಯಂಥ ತೂತು ಬಿಡುತ್ತದೆ, ದೊಡ್ಡದಾಗುತ್ತದೆ, ಒಂದಕ್ಕೊಂದು ಕೂಡಿ ಬಿರುಕಾಗುತ್ತದೆ. ಎಲ್ಲ ದಿಕ್ಕಿನಿಂದಲೂ ಎಳೆತ ಇದ್ದಷ್ಟೂ ತೂತು ಬೇಗ ಬೆಳೆಯುತ್ತದೆ. 1968ರಲ್ಲಿ ಎಂಐಟಿಯ ಮೆಕ್ಲಿಂಟಾಕ್, 1969ರಲ್ಲಿ ರೈಸ್ ಮತ್ತು ಟ್ರೇಸಿ ಇದಕ್ಕೆ ಗಣಿತ ಕೊಟ್ಟರು. ನನ್ನ ಬ್ರಾಕೆಟ್ಟಿನ ಚೂಪು ಮೂಲೆಯಲ್ಲಿ ಆಗಿದ್ದೂ ಇದೇ. ಲ್ಯಾಬಿನ ನುಣುಪು ಕಡ್ಡಿಗೆ ಅಂಥ ಮೂಲೆ ಎಲ್ಲಿಂದ ಬರಬೇಕು?

ಇಲ್ಲಿಗೆ ಕತೆ ಮುಗಿಯಿತು ಅಂದುಕೊಂಡಿದ್ದೆ. ಇಲ್ಲ.

2004ರಲ್ಲಿ ಎಂಐಟಿಯ ಬಾವ್ ಮತ್ತು ವಿಯರ್ಜ್‌ಬಿಕಿ, ವಿಮಾನಗಳಲ್ಲಿ ಬಳಸುವ 2024-ಟಿ351 ಅಲ್ಯುಮಿನಿಯಂ ತುಂಡುಗಳನ್ನು ಒತ್ತಿ, ಎಳೆದು, ಕತ್ತರಿಯ ಹಾಗೆ ಪಕ್ಕಕ್ಕೆ ಜಾರಿಸಿ ನೋಡಿದರು. ಹಳೆಯ ಗಣಿತದ ಪ್ರಕಾರ ಪಕ್ಕಕ್ಕೆ ಜಾರಿಸಿದಾಗ, ಅಂದರೆ ಶಿಯರ್‌ನಲ್ಲಿ, ಲೋಹ ಎಳೆತಕ್ಕಿಂತ ಹೆಚ್ಚು ತಾಳಬೇಕು. ಅವರ ಗ್ರಾಫಿನಲ್ಲಿ ಅಲ್ಲೇ ಒಂದು ತಗ್ಗು! ಈ ತಗ್ಗನ್ನು ವಿವರಿಸಲು ಹೊಸ ಹೊಸ ಮಾಡೆಲ್‌ಗಳು ಹುಟ್ಟಿದವು.

2013ರಲ್ಲಿ ಹಾಲ್ಟಮ್, ಕಿರಿಯಾಕಿಡಿಸ್, ರವಿಚಂದರ್ ಮೂವರೂ 6061-ಟಿ6 ಅಲ್ಯುಮಿನಿಯಂ ಕೊಳವೆಗಳನ್ನು ಎಳೆಯುತ್ತಲೇ ತಿರುಚಿದರು. ಅವರಿಗೆ ತಗ್ಗೇ ಕಾಣಲಿಲ್ಲ. ಎಳೆತದ ಪಾಲು ಕಡಿಮೆಯಾದಷ್ಟೂ ಲೋಹ ಹೆಚ್ಚು ತಾಳಿತು. ತುಂಡಾಗುವ ಜಾಗದಲ್ಲಿ ಲೋಹದ ಹರಳುಗಳು ಎಷ್ಟು ಸೊಟ್ಟಗಾಗಿವೆ ಅಂತ ಮೈಕ್ರೋಸ್ಕೋಪಿನಲ್ಲಿ ಅಳೆದಾಗ, ಹೊರಗಿನಿಂದ ಕಂಡದ್ದಕ್ಕಿಂತ ಬಹಳ ಹೆಚ್ಚೇ ಸಿಕ್ಕಿತು. ಮಿಶ್ರಲೋಹ ಬೇರೆ, ಪ್ರಯೋಗ ಬೇರೆ, ನಿಜ. ಆದರೂ ಎಲ್ಲಿ ಅಳೆಯುತ್ತೇವೆ ಅನ್ನುವುದರಿಂದಲೇ ಉತ್ತರ ಬದಲಾಗುತ್ತದೆ ಅನ್ನುವುದು ನನ್ನನ್ನು ತಟ್ಟಿತು.

ತುಂಡಾದ ಬ್ರಾಕೆಟ್ಟು ಇನ್ನೂ ನನ್ನ ಮೇಜಿನ ಮೇಲಿದೆ. ಈಗ ಕ್ಯಾಟಲಾಗಿನಲ್ಲಿ ಪರ್ಸೆಂಟ್ ಕಂಡಾಗಲೆಲ್ಲ ಮೊದಲು ಕೇಳುವುದು: ಹೇಗೆ ಎಳೆದಾಗ? ಎಲ್ಲಿ ಅಳೆದಾಗ?

ನಿಮ್ಮ ಕೈಯಲ್ಲೂ ಹೀಗೆ ಏನಾದರೂ ಮುರಿದು ಪಾಠ ಕಲಿಸಿದ್ದರೆ ಬರೆಯಿರಿ..