ಕೊತ್ತಂಬರಿಯ ಹಳೆಯ ಕಥೆ

ಸಂಘ ನಡೆದು ಬಂದ ದಾರಿಯನ್ನು ಈ ಸಂಚಿಕೆಯಲ್ಲಿ ಹಿರಿಯರು ಬರೆದಿದ್ದಾರೆ. ನಾನು ನಮ್ಮೆಲ್ಲರ ಹಿತ್ತಲಲ್ಲೂ ಇರುವ ಕೊತ್ತಂಬರಿಯ ವಿಚಾರವಾಗಿ ನಾಲ್ಕು ಮಾತು ಬರೆಯುತ್ತೇನೆ. ಸಂತೆಯಲ್ಲಿ ತರಕಾರಿ ಕೊಂಡವರಿಗೆ ಕೊಸರು ಅಂತ ಕೊಡುವ ಈ ಸೊಪ್ಪಿಗೆ ಬಹಳ ಹಳೆಯ ಚರಿತ್ರೆ ಇದೆ.

ಈಜಿಪ್ಟಿನ ದೊರೆ ಟುಟಾಂಖಾಮನ್ ಸತ್ತು 3,300 ವರ್ಷದ ಮೇಲಾಯಿತು. 1922ರಲ್ಲಿ ಸಿಕ್ಕ ಅವನ ಗೋರಿಯಲ್ಲಿ ಚಿನ್ನದ ಜೊತೆಗೆ ಸುಮಾರು ಅರ್ಧ ಲೀಟರಿನಷ್ಟು ಕೊತ್ತಂಬರಿ ಕಾಳೂ ಇತ್ತು. ಆ ದೇಶದಲ್ಲಿ ಇದು ಕಾಡುಗಿಡವಲ್ಲವಾದ್ದರಿಂದ ಆಗಲೇ ಜನ ಬಿತ್ತಿ ಬೆಳೆಯುತ್ತಿದ್ದರು ಅಂತ ತಿಳಿದವರು ಹೇಳ್ತಾರೆ. ನಮ್ಮಲ್ಲಿ ವ್ಯಾಕರಣ ಬರೆದ ಪಾಣಿನಿ ಇದನ್ನು 'ಕುಸ್ತುಂಬುರು' ಎಂದಿದ್ದಾನೆ. ನಮ್ಮ ಕೊತ್ತಂಬರಿಗೂ ಅದಕ್ಕೂ ಇರುವ ನಂಟು ಕಿವಿಗೊಟ್ಟರೆ ಗೊತ್ತಾಗುತ್ತೆ. ಧಾರವಾಡದ ಕಡೆ ಕಾಳಿಗೆ ಹವೀಜ ಅಂತಾರೆ.

ಮೆಣಸಿನಕಾಯಿ ಅಮೆರಿಕ ಖಂಡದ್ದು. 1498ರಲ್ಲಿ ಪೋರ್ಚುಗೀಸರು ಬಂದಮೇಲೆ ನಮಗೆ ದಕ್ಕಿದ್ದು. ಅದಕ್ಕೆ ಮುಂಚೆ ಖಾರಕ್ಕೆ ಹೆಚ್ಚಾಗಿ ಕಾಳುಮೆಣಸೇ ಗತಿ. ಹಾಗಾಗಿ ಸಾರಿನಪುಡಿಯಲ್ಲಿ ಮೆಣಸಿನಕಾಯಿ ನೆನ್ನೆ ಬಂದ ನೆಂಟ, ಧನಿಯವೇ ಮನೆಯ ಹಿರಿಯ.

ಸೊಪ್ಪಿನ ಘಮ ಬೇರೆ, ಕಾಳಿನ ಘಮ ಬೇರೆ. ಕಾಳು ಹುರಿದಷ್ಟೂ ಘಮ ಏಳುತ್ತೆ. ಸೊಪ್ಪಿನದು ಬಿಸಿಗೆ ಹಾರಿಹೋಗುತ್ತೆ, ಹೆಚ್ಚು ಕುದಿಸಿದರೆ ಅದರಲ್ಲಿರುವ ಸಿ ಜೀವಸತ್ವವೂ ಹಾಳು. ನಮ್ಮ ಹೆಂಗಸರು ಸಾರು ಇಳಿಸುವಾಗ ಸೊಪ್ಪು ಹಾಕುವುದೇ ಸರಿ. ಕೆಲವರು ಸೋಪಿನ ವಾಸನೆ ಅಂತ ತಟ್ಟೆಯ ಅಂಚಿಗೆ ತಳ್ಳುತ್ತಾರಲ್ಲ, ಅವರನ್ನು ಬೈಯಬೇಡಿ. ಅದಕ್ಕೆ ಹುಟ್ಟಿನಿಂದ ಬಂದ ಮೂಗಿನ ಗುಣವೂ ಕಾರಣ ಎಂದು 2012ರ ಒಂದು ಸಂಶೋಧನೆ ತೋರಿಸಿತು. ಹಳೆಯ ವೈದ್ಯರು ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ದೇಹದ ತಂಪಿಗೆ ಕೊಡುತ್ತಿದ್ದರು. ಅದು ಒಳ್ಳೆಯದೇ. ಆದರೆ ಅದರಿಂದ ಸಕ್ಕರೆ ಕಾಯಿಲೆಯೇ ಹೋಗುತ್ತೆ ಅನ್ನುವವರ ಮಾತು ಕೇಳಿ ಡಾಕ್ಟರು ಕೊಟ್ಟ ಮಾತ್ರೆ ಬಿಡಬಾರದು.

ಇಷ್ಟು ಗುಣವಿರುವ ಸೊಪ್ಪನ್ನು ನಾವು ಹೇಗೆ ಬೆಳೆಯುತ್ತಿದ್ದೇವೆ? ಇದು ಹಸಿಯಾಗೇ ತಿನ್ನುವ ಸೊಪ್ಪು, ಸುಮಾರು 40 ದಿನಕ್ಕೆ ಕೀಳುವ ಬೆಳೆ. ನಾಳೆ ಕಟ್ಟು ಕಟ್ಟಬೇಕು ಅನ್ನುವಾಗ ಇವತ್ತು ಸಂಜೆ ಔಷಧಿ ಹೊಡೆಯುವುದನ್ನು ನಾನು ನೋಡಿದ್ದೇನೆ. ಮನೆಗೆ ಬೇರೆ ಮಡಿ, ಪೇಟೆಗೆ ಬೇರೆ ಮಡಿ. ಯಾಕೆ ಸ್ವಾಮಿ ಬೇರೆ? ಬಿತ್ತಿ ಮಿಕ್ಕ, ಔಷಧಿ ಬೆರೆಸಿದ ಬೀಜವನ್ನು ಅಡಿಗೆಮನೆಗೆ ಕೊಡುವವರೂ ಉಂಟು. ಅದಂತೂ ಕೂಡದು.

ಔಷಧಿ ಡಬ್ಬದ ಮೇಲೆ ಬರೆದಷ್ಟು ದಿನ ಬಿಟ್ಟೇ ಕೀಳುವವರ ಸೊಪ್ಪನ್ನು ಒಟ್ಟುಮಾಡಿ ಸಂಘದ ಹೆಸರಿನಲ್ಲೇ ಪೇಟೆಗೆ ಕಳಿಸಬಹುದೇ ಎಂಬ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎತ್ತುವವನಿದ್ದೇನೆ. ಸದಸ್ಯರು ಯೋಚನೆ ಮಾಡಿಕೊಂಡು ಬರಬೇಕಾಗಿ ವಿನಂತಿ.