ಮುಂಬಯಿಯ ಬಾಡಿಗೆ ಚಾಳುಗಳ ತಪಾಸಣೆ

ಮುಂಬಯಿ ದ್ವೀಪನಗರದ ಹಳೆಯ ಬಾಡಿಗೆ ಕಟ್ಟಡಗಳನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಎಂಜಿನಿಯರುಗಳು ಪರೀಕ್ಷಿಸಿ ಅತಿ ಅಪಾಯಕಾರಿ ಎನಿಸಿದವುಗಳ ಪಟ್ಟಿ ಹೊರಡಿಸುವ ವ್ಯವಸ್ಥೆ. ಹೊಟ್ಟೆಪಾಡಿಗೆಂದು ಕರಾವಳಿಯಿಂದ ಅಲ್ಲಿಗೆ ಹೋದ ಅನೇಕ ಕನ್ನಡ, ತುಳು ಕುಟುಂಬಗಳ ಮೊದಲ ಮನೆಯೂ ಇಂಥ ಸಾಲುಕೋಣೆಗಳ ಚಾಳಿನ ಒಂದು ಖೋಲಿಯೇ.

ಆರಂಭದ ತಪಾಸಣೆ ರೋಗಿಗಳನ್ನು ಹುಡುಕಲು ನಡೆದದ್ದು. 1896ರ ಸೆಪ್ಟೆಂಬರಿನಲ್ಲಿ ಡಾ. ಎ. ಜಿ. ವಿಯೆಗಸ್ ಮಾಂಡವಿಯಲ್ಲಿ ಪ್ಲೇಗನ್ನು ಗುರುತಿಸಿದ ಮೇಲೆ ಅಧಿಕಾರಿಗಳು ಮನೆಮನೆ ಹೊಕ್ಕು ಶೋಧಿಸಿದರು. ಜನ ಬೆದರಿ ಊರು ಬಿಟ್ಟರು. ಪ್ಲೇಗಿನ ಬೆನ್ನಲ್ಲೇ 1898ರಲ್ಲಿ ಹುಟ್ಟಿದ ನಗರದ ಇಂಪ್ರೂವ್‌ಮೆಂಟ್ ಟ್ರಸ್ಟ್ ಇಕ್ಕಟ್ಟಿನ ಕೇರಿಗಳನ್ನು ಕೆಡವಿ ರಸ್ತೆ ಮಾಡಿತು, ಚಾಳುಗಳನ್ನೂ ಕಟ್ಟಿತು. 1920ರ ದಶಕದಲ್ಲಿ ಸರ್ಕಾರ ವರ್ಲಿ, ನಾಯಗಾಂವ್, ಡಿಲೈಲ್ ರಸ್ತೆ ಮತ್ತು ಶಿವಡಿಗಳಲ್ಲಿ 207 ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳನ್ನು ಎಬ್ಬಿಸಿತು. ಒಂದು ಖೋಲಿ ಸುಮಾರು 160 ಚದರಡಿ.

ಕಟ್ಟಡದ ಆರೋಗ್ಯದ ಪ್ರಶ್ನೆ ಎದ್ದದ್ದು ಬಾಡಿಗೆ ಕಾನೂನಿನಿಂದ. 1947ರ ಕಾಯ್ದೆ ಬಾಡಿಗೆಯನ್ನು ಸ್ಥೂಲವಾಗಿ 1940ರ ಸೆಪ್ಟೆಂಬರ್ 1ರ ಮಟ್ಟದಲ್ಲೇ ಕಟ್ಟಿಹಾಕಿತು. ಬಡವನ ಸೂರು ಉಳಿಯಿತು, ಆದರೆ ಆ ಬಾಡಿಗೆಯಲ್ಲಿ ರಿಪೇರಿ ಮಾಡಿಸಲು ಮಾಲೀಕರು ಮುಂದಾಗಲಿಲ್ಲ. ಮಳೆಗಾಲದ ಕುಸಿತಗಳು ಹೆಚ್ಚಿದಾಗ 1969ರ ಕಾಯ್ದೆ ಬಂತು: ಸೆಸ್ ವಸೂಲಿ ಮಾಡಿ ದುರಸ್ತಿಯನ್ನು ಸರ್ಕಾರಿ ಮಂಡಳಿಯೇ ಮಾಡಬೇಕು. ಮೊದಲಿಗೆ ಇದರ ವ್ಯಾಪ್ತಿಗೆ ಬಂದವು 19,642 ಕಟ್ಟಡಗಳು. ಅವುಗಳಲ್ಲಿ 16,502 ಕಟ್ಟಡಗಳು 1940ಕ್ಕಿಂತ ಹಿಂದಿನವು. 1977ರಲ್ಲಿ ಸ್ಥಾಪನೆಯಾದ ರಾಜ್ಯದ ವಸತಿ ಪ್ರಾಧಿಕಾರ ಮ್ಹಾಡಾದ ಕೈಗೆ ಈ ಕೆಲಸ ಬಂತು.

ಹಳೆಯ ಚಾಳಿನಲ್ಲಿ ಮೊದಲು ಸೋಲುವುದು ನೀರು ಸೋರುವ ಜಾಗ: ಸಾಮೂಹಿಕ ಶೌಚಾಲಯದ ಪಕ್ಕದ ಗೋಡೆ, ಅದರೊಳಗೆ ಹೊಕ್ಕ ಮರದ ತೊಲೆಯ ತುದಿ, ಮಳೆಗೆ ಒಡ್ಡಿಕೊಂಡ ಗ್ಯಾಲರಿ. ತೊಲೆ ಹೊರಗೆ ಗಟ್ಟಿಯಾಗಿ ಕಂಡರೂ ಗೋಡೆಯೊಳಗೆ ಕೊಳೆತಿರಬಹುದು. ಹಾಗಾಗಿ ಕಣ್ಣಳತೆಯ ತಪಾಸಣೆಗೆ ಮಿತಿಯಿದೆ. 30 ವರ್ಷ ದಾಟಿದ ಕಟ್ಟಡಗಳಿಗೆ ನಗರಪಾಲಿಕೆ ಕಾಯ್ದೆಯ 353ಬಿ ಕಲಂ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ ಮಾಡಿದೆ. ಪಾಲಿಕೆ ಸಿ-1 (ಅತಿ ಅಪಾಯಕಾರಿ) ಎಂದು ವರ್ಗೀಕರಿಸಿದ ಕಟ್ಟಡವನ್ನು ತೆರವು ಮಾಡಲೇಬೇಕು.

ನೋಟಿಸು ಬಂದರೂ ಜನ ಜಾಗ ಬಿಡದಿರುವುದನ್ನು ಹಟ ಎನ್ನುವುದು ಸುಲಭ. ದೂರದ ತಾತ್ಕಾಲಿಕ ವಸತಿಗೆ, ಟ್ರಾನ್ಸಿಟ್ ಕ್ಯಾಂಪಿಗೆ, ಹೋದರೆ ಕೆಲಸ, ಮಕ್ಕಳ ಶಾಲೆ ಎರಡೂ ಕೈತಪ್ಪುತ್ತವೆ. ಮರಳಿ ಬರುವ ಖಾತ್ರಿಯೂ ಇಲ್ಲ. ಕಟ್ಟಡ ಕೆಡವಿದ ಮಾತ್ರಕ್ಕೆ ಬಾಡಿಗೆದಾರನ ಹಕ್ಕು ಅಳಿಯದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಆದರೆ ಹಕ್ಕು ಕಾಗದದಲ್ಲಿ ಉಳಿದರೆ ಮಲಗಲು ಜಾಗ ಸಿಕ್ಕಂತಾಗದು. ಭೇಂಡಿ ಬಜಾರಿನ ಹುಸೇನಿ ಕಟ್ಟಡವನ್ನು 2011ರಲ್ಲೇ ಅಪಾಯಕಾರಿ ಎಂದು ಗುರುತಿಸಲಾಗಿತ್ತು; 2017ರ ಆಗಸ್ಟ್ 31ರಂದು ಅದು ಕುಸಿದಾಗ 33 ಜನ ಸತ್ತರು. ತಪಾಸಣೆ ತನ್ನ ಕೆಲಸ ಮಾಡಿತ್ತು, ಅದರ ಮುಂದಿನದು ಆಗಿರಲಿಲ್ಲ.

2022ರಲ್ಲಿ ಜಾರಿಗೆ ಬಂದ, ಮ್ಹಾಡಾ ಕಾಯ್ದೆಯ 79ಎ ಕಲಂ ಈ ಕೊರತೆಗೆ ಗಡುವು ಹಾಕಿತು. ಪುನರ್ನಿರ್ಮಾಣದ ಪ್ರಸ್ತಾವ ಸಲ್ಲಿಸಲು ಮಾಲೀಕನಿಗೆ ಆರು ತಿಂಗಳು, ಅವನು ತಪ್ಪಿದರೆ ಬಾಡಿಗೆದಾರರ ಸೊಸೈಟಿಗೆ ಆರು ತಿಂಗಳು, ಆಮೇಲೆ ಮ್ಹಾಡಾವೇ ಸ್ವಾಧೀನಪಡಿಸಿಕೊಳ್ಳಬಹುದು.

ಸೆಸ್ ವ್ಯವಸ್ಥೆ ದ್ವೀಪನಗರದ ಆಚೆಗಿಲ್ಲ. ನಾಶಿಕ್ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ಮ್ಹಾಡಾದ ವಸತಿ ಮಂಡಳಿಗಳಿದ್ದರೂ ಸಣ್ಣ ಪಟ್ಟಣದಲ್ಲಿ ಬೀಳುವ ಸ್ಥಿತಿಯ ಮನೆಗೆ ನೋಟಿಸು ಕೊಡುವುದು 1965ರ ನಗರಪರಿಷತ್ ಕಾಯ್ದೆಯಡಿಯ ಸ್ಥಳೀಯ ಸಂಸ್ಥೆ. ರಿಪೇರಿಯ ಖರ್ಚು ಮಾಲೀಕನದೇ.