ಪಂಢರಪುರದಲ್ಲಿ ಕನ್ನಡದ ಹೆಜ್ಜೆಗಳು

ಮುಂಬಯಿ, ಪುಣೆ, ಸೊಲ್ಲಾಪುರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಒಮ್ಮೆಯಾದರೂ ಪಂಢರಪುರಕ್ಕೆ ಹೋಗಿಬಾರದ ಮನೆ ವಿರಳವೆಂದೇ ಹೇಳಬೇಕು. ಊರಿನಿಂದ ಹಿರಿಯರು ಬಂದರೆಂದರೆ ಮೊದಲು ಹೊರಡುವ ಯಾತ್ರೆ ಅದು. ತಾಸುಗಟ್ಟಲೆ ಸಾಲಿನಲ್ಲಿ ನಿಂತು, ವಿಠೋಬನ ಪಾದಕ್ಕೆ ಹಣೆ ಮುಟ್ಟಿಸಿ, ಬುಕ್ಕಾ, ಬತ್ತಾಸು, ಚುರುಮುರಿ ಕಟ್ಟಿಸಿಕೊಂಡು ಸಂಜೆಯ ಬಸ್ಸು ಹಿಡಿಯುತ್ತೇವೆ. ದೇವರನ್ನು ಕಂಡದ್ದಾಯಿತು, ಊರನ್ನು ಕಂಡದ್ದಾಗಲಿಲ್ಲ. ಹಿಂತಿರುಗುವಾಗ ಯಾರಾದರೊಬ್ಬರು “ವಿಠೋಬ ಮೂಲತಃ ನಮ್ಮವನೇ ಅಲ್ಲವೇ?” ಎಂಬ ಮಾತು ತೆಗೆಯುವುದುಂಟು. ಮಕ್ಕಳು ಇದನ್ನು ಶಾಲೆಯಲ್ಲಿ ಮರಾಠಿ ಗೆಳೆಯರ ಮುಂದೆ ಹೇಳಿ ನಗೆಗೀಡಾಗುವುದೂ ಉಂಟು. ಈ ಮಾತಿನಲ್ಲಿ ಕಲ್ಲಿನ ಸಾಕ್ಷ್ಯವೆಷ್ಟು, ಕಥೆಯೆಷ್ಟು ಎಂಬುದನ್ನು ತುಸು ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಕಲ್ಲಿನ ಮಾತು. ದೇವಾಲಯದ ಒಳಗೆ, ತಲೆಯ ಮೇಲಿನ ತೊಲೆಯೊಂದರಲ್ಲಿ ಶಕ 1159ರ, ಅಂದರೆ ಕ್ರಿ.ಶ. 1237ರ ಶಾಸನವಿದೆ. ಅದು ಹೊಯ್ಸಳ ಸೋಮೇಶ್ವರನದು. ಭಾಷೆ ಸಂಸ್ಕೃತ ಮತ್ತು ಕನ್ನಡ. ಭೀಮರಥಿಯ ದಡದ ಈ ಊರನ್ನು ಅದು ‘ಪಂಡರಿಗೆ’ ಎಂದು ಕರೆಯುತ್ತದೆ. ವಿಠ್ಠಲನ ಸೇವೆಯ ವೆಚ್ಚಕ್ಕಾಗಿ ದೊರೆ ಒಂದು ಗ್ರಾಮವನ್ನು ದತ್ತಿಯಾಗಿ ಬಿಟ್ಟ ಸಂಗತಿ ಅದರಲ್ಲಿದೆ. ಬೇಲೂರು ಹಳೇಬೀಡುಗಳ ಅರಸುಮನೆತನದವನು, ತಮಿಳುನಾಡಿನ ಕಣ್ಣನೂರಿನಲ್ಲಿ ನೆಲೆ ಮಾಡಿಕೊಂಡಿದ್ದವನು, ಇಷ್ಟು ಉತ್ತರಕ್ಕೆ ಬಂದು ದತ್ತಿ ಬಿಡಬೇಕಾದರೆ ಆಗಲೇ ಈ ಕ್ಷೇತ್ರದ ಕೀರ್ತಿ ಕೃಷ್ಣೆಯನ್ನು ದಾಟಿ ಬಹುದೂರ ಹಬ್ಬಿದ್ದಿರಬೇಕು. ಆಗ ದೇವಗಿರಿಯಲ್ಲಿ ಆಳುತ್ತಿದ್ದವನು ಸೇವುಣ ಸಿಂಘಣ. ಹೊಯ್ಸಳರಿಗೂ ಸೇವುಣರಿಗೂ ಹಗೆ ತಲೆಮಾರುಗಳದು. ಆ ಹಗೆಯ ನಡುವೆಯೂ ಇಬ್ಬರೂ ಕೈಮುಗಿದ ದೇವರು ಒಬ್ಬನೇ.

ಸೇವುಣರ ಸರದಿ ಬೇಗನೆ ಬಂತು. 1273ರಿಂದ 1277ರವರೆಗೆ ದೇವಾಲಯದ ಜೀರ್ಣೋದ್ಧಾರಕ್ಕೆ ಕಾಣಿಕೆ ಕೊಟ್ಟವರ ಹೆಸರುಗಳನ್ನು ಕೆತ್ತಿದ ದೊಡ್ಡ ಶಿಲಾಲೇಖ ಅಲ್ಲಿದೆ. ಅರಸ ರಾಮಚಂದ್ರನೂ ಅವನ ಮಂತ್ರಿ ಹೇಮಾದ್ರಿಯೂ ಅದರಲ್ಲಿದ್ದಾರೆ. ಜನ ಇದನ್ನು ‘ಚೌರ್‍ಯಾಐಂಶಿ’ಯ ಕಲ್ಲು, ಅಂದರೆ ಎಂಬತ್ತನಾಲ್ಕರ ಕಲ್ಲು ಎನ್ನುತ್ತಾರೆ. ಅದಕ್ಕೆ ಬೆನ್ನು ತಿಕ್ಕಿದರೆ ಎಂಬತ್ತನಾಲ್ಕು ಲಕ್ಷ ಜನ್ಮಗಳ ಸುತ್ತು ತಪ್ಪುವುದೆಂದು ನಂಬಿಕೆ. ಶತಮಾನಗಳಿಂದ ಭಕ್ತರ ಬೆನ್ನುಗಳು ಅಕ್ಷರಗಳನ್ನು ಸವೆಸುತ್ತ ಬಂದಿವೆ. ಶಾಸನ ಓದುವವರಿಗೆ ಇದು ಸಂಕಟದ ವಿಷಯವೇ. ಆದರೆ ತಮ್ಮ ಹೆಸರು ಉಳಿಯಲೆಂದು ಹಣ ಕೊಟ್ಟವರ ಕಲ್ಲು ಹೆಸರಿಲ್ಲದವರ ಮುಕ್ತಿಗೆ ಸಾಧನವಾದದ್ದು ವಿಚಿತ್ರವಾದರೂ ಚೆನ್ನಾಗಿದೆ.

ಇನ್ನು ದೇವರ ಹೆಸರು. ವಿಷ್ಣು ಎಂಬುದು ಕನ್ನಡಿಗರ ಬಾಯಲ್ಲಿ ಬಿಟ್ಟಿ, ಬಿಟ್ಟಿಗ ಆದದ್ದು ನಮಗೆ ತಿಳಿದದ್ದೇ. ಹೊಯ್ಸಳ ವಿಷ್ಣುವರ್ಧನನು ಬಿಟ್ಟಿದೇವನೂ ಹೌದು. ವಿಠ್ಠಲ, ವಿಠ್ಠು ಎಂಬ ರೂಪಗಳೂ ಇದೇ ದಾರಿಯಲ್ಲಿ ಬಂದವೆಂದು ರಾಮಕೃಷ್ಣ ಗೋಪಾಲ ಭಾಂಡಾರಕರರು ಊಹಿಸಿದ್ದರು. ಮರಾಠಿ ವಿದ್ವಾಂಸರೊಬ್ಬರು ಈ ಮಾತನ್ನು ಹೇಳಿದರೆಂಬುದನ್ನು ನಾವು ಗಮನಿಸಬೇಕು. ಜ್ಞಾನೇಶ್ವರರ ಹೆಸರಿನಲ್ಲಿರುವ ಅಭಂಗವೊಂದು ವಿಠ್ಠಲನನ್ನು ಕಾನಡಿಗನೆಂದೇ ಕರೆಯುತ್ತದೆ. ಆ ಶಬ್ದಕ್ಕೆ ‘ತಿಳಿಯಲಾರದವನು’ ಎಂಬ ಅರ್ಥವನ್ನೂ ಹೇಳುವವರಿದ್ದಾರೆ. ಬಾರದ ಭಾಷೆ ಅಗಮ್ಯವೆನಿಸುವುದು ಸಹಜ. ಎರಡು ಅರ್ಥಗಳೂ ಒಟ್ಟಿಗೇ ಇದ್ದಿರಬಹುದು.

ರಾಮಚಂದ್ರ ಚಿಂತಾಮಣ ಢೇರೆಯವರು 1984ರಲ್ಲಿ ಪ್ರಕಟಿಸಿದ ‘ಶ್ರೀ ವಿಠ್ಠಲ: ಏಕ ಮಹಾಸಮನ್ವಯ’ ಎಂಬ ಗ್ರಂಥ ಈ ಚರ್ಚೆಯನ್ನು ಇನ್ನೂ ಆಳಕ್ಕೆ ಒಯ್ದಿತು. ಅವರ ಪ್ರಕಾರ ವಿಠ್ಠಲ ಮೊದಲಿಗೆ ದಕ್ಷಿಣದ ದನಗಾಹಿಗಳ, ಕುರುಬರ ದೇವರು. ವೈಷ್ಣವ ರೂಪ ಬಂದದ್ದು ಆಮೇಲೆ. ಪಾಂಡುರಂಗ ಎಂದರೆ ಬಿಳಿಯ ಬಣ್ಣದವನು, ಆದರೆ ಮೂರ್ತಿ ಕಪ್ಪು. ಈ ಹೆಸರು ಶಿವನಿಗೇ ಹೆಚ್ಚು ಒಪ್ಪುತ್ತದೆಂದು ಹೇಳುವ ವಿದ್ವಾಂಸರಿದ್ದಾರೆ. ನದಿಯ ಮರಳಿನಲ್ಲಿರುವ ಪುಂಡಲೀಕನ ಗುಡಿಗೆ ಹೋದವರು ಅಲ್ಲಿ ಶಿವಲಿಂಗವನ್ನು ಕಂಡಿರಬಹುದು. ತಂದೆತಾಯಿಯರ ಸೇವೆಯಲ್ಲಿ ತೊಡಗಿದ್ದ ಪುಂಡಲೀಕ ಬಾಗಿಲಿಗೆ ಬಂದ ದೇವರ ಕಡೆಗೆ ಇಟ್ಟಿಗೆ ಎಸೆದು ಅದರ ಮೇಲೆ ನಿಂತಿರು ಎಂದ ಕಥೆ ಎಲ್ಲರಿಗೂ ಗೊತ್ತು. ಚಂದ್ರಭಾಗೆಯಲ್ಲಿ ಮಿಂದು ಮೊದಲು ಪುಂಡಲೀಕನನ್ನು ಕಂಡು ಆಮೇಲೆ ವಿಠ್ಠಲನಲ್ಲಿಗೆ ಹೋಗುವುದು ಹಳೆಯ ಪದ್ಧತಿ. ಸಮಯವಿಲ್ಲವೆಂದು ಇದನ್ನು ಬಿಟ್ಟುಬಿಡುವವರು ಊರಿನ ಅರ್ಧ ಚರಿತ್ರೆಯನ್ನೇ ಬಿಟ್ಟಂತೆ.

ಹಂಪಿಯ ಕಥೆಯನ್ನು ಮಾತ್ರ ಎಚ್ಚರಿಕೆಯಿಂದ ಹೇಳಬೇಕು. ಕೃಷ್ಣದೇವರಾಯ ಪಂಢರಪುರದ ಮೂರ್ತಿಯನ್ನು ವಿಜಯನಗರಕ್ಕೆ ಒಯ್ದನೆಂದೂ ಸಂತ ಏಕನಾಥರ ಮುತ್ತಜ್ಜ ಭಾನುದಾಸರು ಅದನ್ನು ಮರಳಿ ತಂದರೆಂದೂ ವಾರಕರಿ ಪರಂಪರೆ ಹೇಳುತ್ತದೆ. ಹಂಪಿಯ ವಿಠ್ಠಲ ದೇವಾಲಯದ ಗರ್ಭಗುಡಿ ಇಂದು ಬರಿದಾಗಿರುವುದನ್ನು ಕಂಡವರಿಗೆ ಈ ಕಥೆ ಥಟ್ಟನೆ ನಿಜವೆನಿಸುತ್ತದೆ. ಆದರೆ ಆ ದೇವಾಲಯದ ಆರಂಭವನ್ನು ಅನೇಕ ಇತಿಹಾಸಕಾರರು 15ನೆಯ ಶತಮಾನಕ್ಕೆ, ಎರಡನೆಯ ದೇವರಾಯನ ಕಾಲಕ್ಕೆ ಒಯ್ಯುತ್ತಾರೆ. ಕೃಷ್ಣದೇವರಾಯ ಅದನ್ನು ವಿಸ್ತರಿಸಿದವನು. ನಮ್ಮ ದೊರೆ ಅವರ ದೇವರನ್ನು ಒಯ್ದನೆಂದು ಬೀಗುವುದಕ್ಕೂ, ಅವರು ನಮ್ಮ ದೇವರನ್ನು ಕೊಂಡೊಯ್ದರೆಂದು ಕೊರಗುವುದಕ್ಕೂ ಇಲ್ಲಿ ಆಧಾರ ಸಾಲದು. ಗಟ್ಟಿಯಾದ ಆಧಾರವಿರುವುದು ನಮ್ಮ ದಾಸರ ಅಂಕಿತಗಳಲ್ಲಿ: ಶ್ರೀಪಾದರಾಜರ ರಂಗವಿಠ್ಠಲ, ಪುರಂದರವಿಠ್ಠಲ, ವಿಜಯವಿಠ್ಠಲ, ಗೋಪಾಲವಿಠ್ಠಲ, ಜಗನ್ನಾಥವಿಠ್ಠಲ. ಮುಳಬಾಗಿಲಿನಿಂದ ಮಾನ್ವಿಯವರೆಗೆ ಕನ್ನಡದ ಭಕ್ತಿ ಈ ಒಂದು ಹೆಸರನ್ನು ನೂರಾರು ವರ್ಷ ಹಾಡಿತು. ಪಂಢರಪುರದ ಗುಡಿಯಲ್ಲಿ ಪುರಂದರದಾಸರನ್ನು ಕಟ್ಟಿ ಹೊಡೆದರೆನ್ನುವ ಕಂಬವನ್ನು ತೋರಿಸುವುದೂ ಉಂಟು.

ಕಂಬ ಇರುವುದು ಒಳಗೆ. ಹೊರಗೆ, ಪೂರ್ವದ ಮಹಾದ್ವಾರದ ಮೊದಲ ಮೆಟ್ಟಿಲು ನಾಮದೇವರದು. ಭಕ್ತರ ಪಾದಧೂಳಿ ಸೋಕಲೆಂದು ಅವರು ಅಲ್ಲಿ ಸಮಾಧಿಯಾದರೆನ್ನುತ್ತಾರೆ. ಆದರೂ ಯಾತ್ರಿಕರು ಅದನ್ನು ತುಳಿಯದೆ ದಾಟುತ್ತಾರೆ. ಅದರೆದುರಿಗೇ ಚೋಖಾಮೇಳಾನ ಸಮಾಧಿ. ಮಹಾರ ಜಾತಿಯವನಾದ್ದರಿಂದ ಅವನಿಗೆ ಒಳಗೆ ಪ್ರವೇಶವಿರಲಿಲ್ಲ. 1338ರಲ್ಲಿ ಮಂಗಳವೇಢೆಯಲ್ಲಿ ಗೋಡೆ ಕುಸಿದು ಸತ್ತ ಅವನ ಎಲುಬುಗಳನ್ನು ನಾಮದೇವರು ಹುಡುಕಿ ತಂದು ಇಲ್ಲಿ ಇರಿಸಿದರೆಂದು ಪ್ರತೀತಿ. ಸತ್ತ ಮೇಲೂ ಚೋಖಾಮೇಳಾ ಬಾಗಿಲ ಹೊರಗೇ ಉಳಿದ. ಆ ಬಾಗಿಲು ತೆರೆಯಲು ಆರು ಶತಮಾನಗಳು ಬೇಕಾದವು. 1947ರ ಮೇ ತಿಂಗಳಲ್ಲಿ ಸಾನೆ ಗುರೂಜಿಯವರು ಪಂಢರಪುರದಲ್ಲಿ ಉಪವಾಸ ಕುಳಿತ ಮೇಲೆಯೇ ಹರಿಜನರಿಗೆ ಮಂದಿರ ಪ್ರವೇಶ ದೊರೆತದ್ದು. ವಿಠ್ಠಲನ ಪೂಜೆಯ ಬಡವೆ ಮನೆತನಗಳ, ರುಕ್ಮಿಣಿಯ ಪೂಜೆಯ ಉತ್ಪಾತ ಮನೆತನಗಳ ವಂಶಪಾರಂಪರ್ಯ ಹಕ್ಕುಗಳನ್ನು ತೆಗೆಯುವ ಕಾಯಿದೆ 1973ರಲ್ಲೇ ಬಂತು. ಆದರೆ ಕೋರ್ಟು ಕಚೇರಿಗಳ ಅಲೆದಾಟ ಮುಗಿದು ಸುಪ್ರೀಂ ಕೋರ್ಟಿನ ಕೊನೆಯ ತೀರ್ಪು ಹೊರಬಿದ್ದದ್ದು 2014ರ ಜನವರಿಯಲ್ಲಿ. ಆ ವರ್ಷವೇ ಅನ್ಯ ಜಾತಿಯವರನ್ನೂ ಸ್ತ್ರೀಯರನ್ನೂ ಪೂಜೆಗೆ ಆರಿಸಲು ಮೊದಲು ಮಾಡಿದರು. ಯಾತ್ರೆಗೆ ಮಕ್ಕಳನ್ನು ಕರೆದೊಯ್ಯುವವರು ಪುಂಡಲೀಕನ ಇಟ್ಟಿಗೆಯ ಕಥೆಯ ಜೊತೆಗೆ ಈ ಮೆಟ್ಟಿಲಿನ ಕಥೆಯನ್ನೂ ಹೇಳಬೇಕೆಂದು ನನ್ನ ಅನಿಸಿಕೆ. ಒಂದು ನಿಮಿಷ ಅಲ್ಲಿ ನಿಲ್ಲಿಸಿ ತೋರಿಸಿದರೆ ಸಾಕು.

ಒಂದು ದಿನ ಹೆಚ್ಚು ಉಳಿಯಬಲ್ಲವರು ಮಂಗಳವೇಢೆಗೆ ಹೋಗಿಬರಬಹುದು. ಸುಮಾರು 25 ಕಿಲೋಮೀಟರು. ಕಲಚೂರಿ ಬಿಜ್ಜಳನ ಮಂಗಳವಾಡ ಇದೇ. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಇಲ್ಲಿ ಕರಣಿಕರಾಗಿದ್ದರೆಂದು ಪರಂಪರೆ ಹೇಳುತ್ತದೆ. ಚೋಖಾಮೇಳಾನ ಊರೂ ಇದೇ, ಸಂತ ಕಾನ್ಹೋಪಾತ್ರೆಯ ಊರೂ ಇದೇ. ಗಣಿಕೆಯ ಮಗಳಾದ ಅವಳನ್ನು ಬೀದರಿನ ಬಾದಶಹ ಕರೆಸಿದಾಗ ಹೋಗಲೊಲ್ಲದೆ ವಿಠ್ಠಲನ ಪಾದದಲ್ಲಿ ಪ್ರಾಣ ಬಿಟ್ಟಳೆಂದು ಕಥೆ. ಅವಳ ನೆನಪಿನ ಮರವನ್ನು ಪಂಢರಪುರದ ಗುಡಿಯ ಆವರಣದಲ್ಲೇ ತೋರಿಸುತ್ತಾರೆ.

ಹಳೆಯ ಅರಸರ ದತ್ತಿಗಳು ಹಾಗಿರಲಿ, ಇಂದಿಗೂ ನಡೆದಿರುವ ಒಂದು ಸೇವೆಯಿದೆ. ಆಷಾಢದ ಯಾತ್ರೆಗೆ ಆಳಂದಿಯಿಂದ ಹೊರಡುವ ಜ್ಞಾನೇಶ್ವರರ ಪಾಲಕಿಯ ಜೊತೆಗೆ ಎರಡು ಕುದುರೆಗಳು ನಡೆಯುತ್ತವೆ. ಒಂದರ ಮೇಲೆ ಧ್ವಜ ಹಿಡಿದ ಸವಾರ. ಇನ್ನೊಂದರ ಮೇಲೆ ಯಾರೂ ಕೂರುವುದಿಲ್ಲ, ಅದು ಸಾಕ್ಷಾತ್ ಜ್ಞಾನೇಶ್ವರರದು ಎಂದು ಭಾವನೆ. ದಾರಿಯಲ್ಲಿ ರಿಂಗಣದ ವೇಳೆ ಈ ಕುದುರೆ ಓಡಿದ ಮೇಲೆ ಜನ ಅದರ ಗೊರಸಿನ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ಕುದುರೆಗಳನ್ನು ಕಳಿಸುವವರು ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಮನೆತನದವರು. ಪ್ರತಿ ವರ್ಷ ಅವು ಕೃಷ್ಣಾ ತೀರದ ಆ ಊರಿನಿಂದ ನಡೆದೇ ಆಳಂದಿಗೆ ಬಂದು, ಅಲ್ಲಿಂದ ಮತ್ತೆ ಪಂಢರಪುರದ ದಾರಿ ಹಿಡಿಯುತ್ತವೆ. ಪಾಲಕಿ ಪುಣೆಯಲ್ಲಿ ಮುಕ್ಕಾಂ ಮಾಡುವ ದಿನ ರಸ್ತೆಯ ಬದಿಗೆ ನಿಂತರೆ ನಮ್ಮವರೂ ಅವುಗಳನ್ನು ನೋಡಬಹುದು.